ಒಬ್ಬನಾ? ನೂರಾರು ಜನ ಬರ್ತಿದ್ದಾರೆ!

ಜೋಕು ಇಷ್ಟೇ. ಜರ್ಮನಿಯ ಒಬ್ಬ ಅಜ್ಜ ಕಾರು ತೆಗೆದುಕೊಂಡು ಆಟೋಬಾನ್ ಅನ್ನುವ ಹೆದ್ದಾರಿಯ ಮೇಲೆ ಹೊರಟಿದ್ದಾನೆ. ಮನೆಯಲ್ಲಿ ಅಜ್ಜಿ ರೇಡಿಯೋ ಹಾಕಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ. ಇದ್ದಕ್ಕಿದ್ದಂತೆ ಹಾಡು ನಿಂತು ಎಚ್ಚರಿಕೆ ಬರುತ್ತದೆ: ಇಂಥ ರಸ್ತೆಯಲ್ಲಿ ಒಂದು ಕಾರು ಎದುರು ದಿಕ್ಕಿನಿಂದ ನುಗ್ಗಿ ಬರುತ್ತಿದೆ. ಅಜ್ಜಿ ಗಾಬರಿಯಾಗಿ ಫೋನ್ ಮಾಡುತ್ತಾಳೆ. "ರೀ, ಹುಷಾರು. ನೀವು ಹೋಗ್ತಿರೋ ರಸ್ತೆಯಲ್ಲೇ ಯಾವನೋ ಒಬ್ಬ ರಾಂಗ್ ಸೈಡಲ್ಲಿ ಬರ್ತಿದ್ದಾನಂತೆ." ಅಜ್ಜ ಸಿಡುಕುತ್ತಾನೆ: "ಒಬ್ಬನಾ? ನೂರಾರು ಜನ ಬರ್ತಿದ್ದಾರೆ!"

ಇದನ್ನು ನಾನು ಮೊದಲು ಓದಿದ್ದು ಸ್ಟುಟ್‌ಗಾರ್ಟ್‌ನ ಒಂದು ಸಂಜೆ ಕ್ಲಾಸಿನಲ್ಲಿ, ಜರ್ಮನ್‌ನಲ್ಲಿ. ಟೀಚರ್ ಇದನ್ನೇ ಎಳೆದು ಒಂದು ಪುಟದ ಕಥೆ ಮಾಡಿ ತಂದಿದ್ದರು. ಅಜ್ಜನ ಟೋಪಿ, ಹಿಂದಿನ ಸೀಟಿನ ಮೇಲಿಟ್ಟ ಕೇಕು, ಎದುರು ಬಂದ ಪ್ರತಿ ಕಾರಿಗೂ ಅವನು ಲೈಟು ಹೊಡೆದು ಬೈಯುವುದು, ಎಲ್ಲ ಇತ್ತು. ಒಂದೇ ಒಂದು ಪದಕ್ಕೂ ನಿಘಂಟು ನೋಡಬೇಕಾಗಲಿಲ್ಲ. ಆದರೆ ನಗು ಮಾತ್ರ ಬರಲಿಲ್ಲ. ಮುಂದೆ ಇನ್ನೇನಾದರೂ ಇದೆಯಾ ಅಂತ ಹಾಳೆ ತಿರುಗಿಸಿ ನೋಡಿದೆ. ಖಾಲಿ.

ಆ ಕ್ಲಾಸಿಗೆ ನಾನು ಸೇರಿದ್ದು ಭಾಷೆಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ಆಫೀಸಿನಲ್ಲಿ ಎಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಬೇಕರಿಯಲ್ಲಿ ಬೆರಳು ತೋರಿಸಿದರೆ ಬ್ರೆಡ್ ಸಿಗುತ್ತದೆ. ಆದರೆ ಬ್ಲೂ ಕಾರ್ಡ್, ಅಂದರೆ ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿಯ ಮೇಲೆ ಬಂದವರಿಗೆ ಬಿ1, ಅಂದರೆ ದಿನದ ವ್ಯವಹಾರಕ್ಕೆ ಸಾಲುವ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬರೀ ಎ1, ಅಂದರೆ ಆರಂಭದ ಮಟ್ಟ, ಇದ್ದರೆ 27 ತಿಂಗಳು ಕಾಯಬೇಕು. ಇಷ್ಟು ಲೆಕ್ಕ ಯಾವ ಎಂಜಿನಿಯರಿಗೂ ಬರುತ್ತದೆ. ಹಾಗಾಗಿ ಕೆಲಸ ಮುಗಿಸಿ, ಬ್ಯಾಗ್ ಹೊತ್ತುಕೊಂಡೇ ಫೋಕ್ಸ್‌ಹೋಖ್‌ಶೂಲೆಗೆ ಹೋಗುತ್ತಿದ್ದೆ. ಇದು ಜರ್ಮನಿಯ ಊರೂರಲ್ಲೂ ಇರುವ ದೊಡ್ಡವರ ಶಾಲೆ. ಒಂದೇ ಕಟ್ಟಡದಲ್ಲಿ ಕುಂಬಾರಿಕೆ, ಅಡುಗೆ, ಕಂಪ್ಯೂಟರ್, ಭಾಷೆ, ಎಲ್ಲ ಕಲಿಸುತ್ತಾರೆ. ನಮ್ಮ ಪಕ್ಕದ ರೂಮಿನಲ್ಲಿ ಯೋಗ ಕ್ಲಾಸು ಇತ್ತು. ಒಮ್ಮೆ ಚಾಪೆ ಹಿಡಿದು ಬಂದ ಹೆಂಗಸೊಬ್ಬರು ನನ್ನ ಮುಖ ನೋಡಿದ್ದೇ ತಡ, "ಇವತ್ತಿನ ಗುರುಗಳು ನೀವೇನಾ?" ಅಂತ ಕೇಳಿದ್ದರು.

ಬಿ1 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಜರ್ಮನ್ ಕಲಿಸುವ ಗೋಯ್ಥೆ ಇನ್‌ಸ್ಟಿಟ್ಯೂಟ್ ನಡೆಸುವ ಪರೀಕ್ಷೆಯಲ್ಲಿ ಒಂದೊಂದು ಭಾಗದಲ್ಲೂ 100ಕ್ಕೆ 60 ಬರಬೇಕು. ಬರೆಯುವ ಭಾಗದಲ್ಲಿ ಒಂದು ವಿಷಯದ ಮೇಲೆ ನಿಮ್ಮ ಅನಿಸಿಕೆಯನ್ನು ಸುಮಾರು 80 ಪದಗಳಲ್ಲಿ ಬರೆಯಿರಿ ಅನ್ನುವ ಪ್ರಶ್ನೆ ಇರುತ್ತದೆ. ಅದಕ್ಕೇ ಟೀಚರ್ ಈ ಕಥೆ ತಂದದ್ದು. ಓದಿ, ನಿಮ್ಮ ಪ್ರತಿಕ್ರಿಯೆ ಬರೆಯಿರಿ, ಆಮೇಲೆ ಪುಸ್ತಕ ಮುಚ್ಚಿ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಇಷ್ಟು ಮನೆಗೆಲಸ.

ನಗದೆ ಕೂತವನು ನಾನೊಬ್ಬನೇ ಅಲ್ಲ ಅಂತ ಸುತ್ತ ನೋಡಿದಾಗ ಗೊತ್ತಾಯಿತು. ಟರ್ಕಿಯ ಹಿರಿಯರೊಬ್ಬರಿದ್ದರು, ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಕೈಯೆಲ್ಲ ಗ್ರೀಸಿನ ಗೆರೆ. ಅವರು ಮಾತ್ರ ಮೇಜು ಕುಟ್ಟಿ ನಕ್ಕರು. "ಇದು ನಮ್ಮ ತೆಮೆಲ್ ಜೋಕು!" ಅಂದರು. ತೆಮೆಲ್ ಅಂದರೆ ಟರ್ಕಿಯ ಕಪ್ಪು ಸಮುದ್ರದ ಕಡೆಯ ಒಬ್ಬ ಜೋಕಿನ ಮನುಷ್ಯ, ನಮ್ಮ ಗುಂಡ ಇದ್ದ ಹಾಗೆ. ಅಲ್ಲಿನ ಕಥೆಯಲ್ಲೂ ತೆಮೆಲ್ ಹೆದ್ದಾರಿಯಲ್ಲಿ ಉಲ್ಟಾ ಹೋಗುತ್ತಾ, "ಒಂದಲ್ಲ, ಎಲ್ಲ ಗಾಡಿಗಳೂ ಉಲ್ಟಾ ಬರ್ತಿವೆ" ಅಂತಾನಂತೆ. ಬ್ರೆಜಿಲ್‌ನ ಹುಡುಗಿ ಮುಗುಳ್ನಕ್ಕು, ಸಾವ್ ಪಾವ್ಲೊದಲ್ಲಿ ಕಾರುಗಳ ಸಾಲಿನ ಮಧ್ಯೆ ಹಾರ್ನ್ ಹೊಡೆಯುತ್ತಾ ನುಗ್ಗುವ ಡೆಲಿವರಿ ಬೈಕಿನವರ ಕಥೆ ಶುರು ಮಾಡಿದಳು. ಉಕ್ರೇನಿನ ಹೆಂಗಸೊಬ್ಬರು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಆಮೇಲೇನಾಯ್ತು? ಅಜ್ಜ ಬದುಕಿದನಾ?" ಟೀಚರ್ ಹತ್ತಿರ ಉತ್ತರ ಇರಲಿಲ್ಲ. ಇದು ಜೋಕು, ಇದಕ್ಕೆ ಆಮೇಲೆ ಅನ್ನುವುದು ಇಲ್ಲ ಅಂದರು. ಆ ಹೆಂಗಸು ಒಪ್ಪಲಿಲ್ಲ. ನನಗೂ ಅವರ ಪ್ರಶ್ನೆಯೇ ಸರಿ ಅನಿಸಿತು.

ನನ್ನ ಸರದಿ ಬಂದಾಗ, "ಅಜ್ಜ ಮಾಡಿದ್ದರಲ್ಲಿ ವಿಶೇಷ ಏನಿದೆ?" ಅಂತ ಕೇಳಿದೆ. ಎಲ್ಲರೂ ನನ್ನನ್ನೇ ನೋಡಿದರು.

ನನ್ನ ಊರು ಶಿರಾ ಹತ್ತಿರ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಮ್ಮ ಹೊಲದ ಪಕ್ಕದಲ್ಲೇ ಹಾದುಹೋಗುತ್ತದೆ. ರಸ್ತೆ ಅಗಲವಾಗಿ ನಡುವೆ ಡಿವೈಡರ್ ಬಂದ ಮೇಲೆ ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ ಆಯಿತು. ತಿರುಗಿಕೊಂಡು ಬರಲು ಸರಿಯಾದ ದಾರಿ ಇದೆ, ಇಲ್ಲ ಅಂತಲ್ಲ. ಆದರೆ ಅದು ದೂರ. ಅಷ್ಟು ದೂರ ಹೋಗಿ ಬರಲು ಪೆಟ್ರೋಲ್ ಯಾರು ಕೊಡುತ್ತಾರೆ? ಹೀಗಾಗಿ ಟಿವಿಎಸ್ ಎಕ್ಸೆಲ್ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು, ಹಗಲಲ್ಲೇ ಲೈಟು ಹಾಕಿಕೊಂಡು, ರಸ್ತೆಯ ಅಂಚು ಹಿಡಿದು ಎದುರು ದಿಕ್ಕಿನಲ್ಲಿ ಬರುತ್ತಾರೆ. ಹೊರೆ ಎಷ್ಟಿರುತ್ತದೆ ಅಂದರೆ ಗಾಡಿ ಕಾಣುವುದಿಲ್ಲ. ಹುಲ್ಲಿಗೇ ಒಂದು ಲೈಟು ಹಚ್ಚಿದ ಹಾಗೆ ಕಾಣುತ್ತದೆ. ಬಸ್ಸಿನವನು ಒಂದು ಸಲ ಹಾರ್ನ್ ಹೊಡೆಯುತ್ತಾನೆ, ಸ್ವಲ್ಪ ಬಲಕ್ಕೆ ಸರಿಯುತ್ತಾನೆ. ಮುಗಿಯಿತು. ಯಾರ ಹೆಂಡತಿಯೂ ಫೋನ್ ಮಾಡುವುದಿಲ್ಲ. ರೇಡಿಯೋದವರೂ ಹಾಡು ನಿಲ್ಲಿಸುವುದಿಲ್ಲ.

ಜರ್ಮನ್ ಕಥೆಯಲ್ಲಿ ಎದುರು ದಿಕ್ಕಿನಲ್ಲಿ ಹೋಗುವುದೇ ಇಡೀ ಕಥೆ. ನನಗೆ ಅದು ರಸ್ತೆ ಬದಿಯ ಮರದಷ್ಟೇ ಮಾಮೂಲು. ಮರ ಕಂಡರೆ ಯಾರಾದರೂ ನಗುತ್ತಾರಾ?

ಇಷ್ಟನ್ನೆಲ್ಲ ಅವತ್ತು ಜರ್ಮನ್‌ನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. "ನನ್ನ ಊರಿನಲ್ಲಿ ಇದು ದಿನಾ ನಡೆಯುತ್ತದೆ" ಅಂದು ಕೂತೆ. ನಿಮ್ಮ ಊರಿನ ಭಾಷೆ ಯಾವುದು ಅಂತ ಟೀಚರ್ ಕೇಳಿದರು. ಕನ್ನಡ ಅಂದೆ. ಅವರು ಕೇಳಿರಲಿಲ್ಲ. ನಿಮ್ಮ ಪಕ್ಕದ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ತೀರಿಕೊಂಡ ಫರ್ಡಿನಾಂಡ್ ಕಿಟೆಲ್ ಅನ್ನುವ ಪಾದ್ರಿ ನಮ್ಮ ಭಾಷೆಗೆ ದೊಡ್ಡ ನಿಘಂಟು ಮಾಡಿಕೊಟ್ಟರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು ಅಂತ ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. ನನಗೆ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಕಿಟೆಲ್ ಕೂಡ ಧಾರವಾಡದ ಕಡೆ ಯಾರದೋ ಜಗಲಿ ಮೇಲೆ ಕೂತು, ಪ್ರತಿ ಪದವೂ ಅರ್ಥವಾಗಿ, ಸುತ್ತ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರೆ ತಾನು ಮಾತ್ರ ಸುಮ್ನೆ ಗಡ್ಡ ಸವರಿಕೊಂಡಿರಲಿಕ್ಕೂ ಸಾಕು, ಅಲ್ವಾ?

ಪ್ರತಿಕ್ರಿಯೆ ಬರೆಯಲು ಕೂತಾಗ ನನಗೆ ಕೈಹಿಡಿದದ್ದು ಭಾಷೆಯ ಪುಸ್ತಕ ಅಲ್ಲ, ಡ್ರೈವಿಂಗ್ ಪುಸ್ತಕ. ಅದೇ ಸಮಯಕ್ಕೆ ಇಲ್ಲಿನ ಲೈಸೆನ್ಸಿಗೂ ಓದುತ್ತಿದ್ದೆ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ನಡೆಯುತ್ತದೆ, ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷ್, ಟರ್ಕಿಷ್, ಅರೇಬಿಕ್ ಹೀಗೆ ಕೆಲವು ಭಾಷೆಗಳಲ್ಲಿ ಬರೆಯಬಹುದು. ನಾನು ಹಠಕ್ಕೆ ಜರ್ಮನ್‌ನಲ್ಲೇ ಓದುತ್ತಿದ್ದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಬೀಳಲಿ ಅಂತ.

ಆ ಪುಸ್ತಕ ಓದಿದರೆ ಒಂದು ಗೊತ್ತಾಗುತ್ತದೆ. ಆಟೋಬಾನ್ ಅಂದರೆ ಮನಸ್ಸಿಗೆ ಬಂದಷ್ಟು ವೇಗದಲ್ಲಿ ಹೋಗುವ ರಸ್ತೆ ಅಂತ ನಾವು ಊರಲ್ಲಿ ಕೇಳಿರುತ್ತೇವೆ. ಅರ್ಧ ನಿಜ. ಬೋರ್ಡು ಇಲ್ಲದ ಕಡೆ ವೇಗಕ್ಕೆ ಮಿತಿ ಇಲ್ಲ, 130 ಕಿ.ಮೀ. ಅನ್ನುವುದು 1978ರಿಂದ ಬರೀ ಸಲಹೆ. ಆದರೆ ಆ ಒಂದು ಸ್ವಾತಂತ್ರ್ಯದ ಸುತ್ತ ಹಾಕಿರುವ ಬೇಲಿ ನೋಡಬೇಕು. ಇಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಹಾಗಾಗಿ ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಯೂ-ಟರ್ನ್ ಇಲ್ಲ, ರಿವರ್ಸ್ ಇಲ್ಲ. ಸುಮ್ಮನೆ ನಿಲ್ಲಿಸುವಂತೆಯೂ ಇಲ್ಲ. ಮುಂದಿನ ಗಾಡಿಗೆ ಮೀಟರಿನಲ್ಲಿ ತೋರಿಸುವ ವೇಗದ ಅರ್ಧದಷ್ಟು ಮೀಟರ್ ಅಂತರ ಬಿಡಬೇಕು, ಅಂದರೆ 100ರಲ್ಲಿ ಹೋಗುತ್ತಿದ್ದರೆ 50 ಮೀಟರ್. ಹಿಂದಿನಿಂದ ಅಂಟಿಕೊಂಡು ಬಂದು ಲೈಟು ಹೊಡೆಯುತ್ತಾ ದಾರಿ ಬಿಡು ಅಂತ ಹೆದರಿಸಿದರೆ ಅದು ಕೇಸು ಆಗಬಹುದು. ಟ್ರಾಫಿಕ್ ಜಾಮ್ ಶುರುವಾಗುತ್ತಿದ್ದ ಹಾಗೆಯೇ ಎಡಗಡೆ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸಿಗೆ ನಡುವೆ ದಾರಿ ಬಿಡಬೇಕು. ಆಂಬುಲೆನ್ಸ್ ಬಂದ ಮೇಲಲ್ಲ, ಬರುವ ಮುಂಚೆಯೇ.

ತಪ್ಪಿಗೆ ಪಾಯಿಂಟ್ ಬೀಳುತ್ತದೆ. ಪಾಯಿಂಟುಗಳ ಲೆಕ್ಕ ಉತ್ತರದ ತುದಿಯ ಫ್ಲೆನ್ಸ್‌ಬುರ್ಗ್ ಅನ್ನುವ ಊರಿನ ಸರ್ಕಾರಿ ಕಚೇರಿಯಲ್ಲಿ ಇರುತ್ತದೆ. 2014ರ ಮೇ ತಿಂಗಳಿಂದ ಎಂಟು ಪಾಯಿಂಟ್ ಆದರೆ ಲೈಸೆನ್ಸ್ ಹೋಯಿತು. ಜರ್ಮನರು ಯಾರ ಡ್ರೈವಿಂಗ್ ಬಗ್ಗೆಯಾದರೂ ಆಡಿಕೊಳ್ಳುವಾಗ "ಫ್ಲೆನ್ಸ್‌ಬುರ್ಗ್" ಅಂದರೆ ಸಾಕು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ನಿಯಮ. ಇನ್ನೊಬ್ಬ ಡ್ರೈವರಿಗೆ ಹಣೆಗೆ ಬೆರಳು ಕುಟ್ಟಿ "ತಲೆ ಕೆಟ್ಟಿದೆಯಾ?" ಅಂತ ತೋರಿಸಿದರೆ ಅದು ಅವಮಾನದ ಅಪರಾಧ, ದಂಡ ಬೀಳಬಹುದು. ನಮ್ಮ ಕಡೆ ಈ ಕಾನೂನು ಬಂದರೆ ಒಂದೇ ದಿನದಲ್ಲಿ ರಾಜ್ಯದ ಸಾಲ ತೀರುತ್ತದೆ.

ಇಂಥ ರಸ್ತೆಯಲ್ಲಿ ಎದುರಿಗೆ ಗಾಡಿ ಬರುವುದು ಅಂದರೆ ಏನು ಅಂತ ಆಗ ಲೆಕ್ಕ ಹಾಕಿ ನೋಡಿದೆ. 130ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 36 ಮೀಟರ್ ದಾಟುತ್ತದೆ. ಎದುರಿನವನೂ ಅಷ್ಟೇ ವೇಗದಲ್ಲಿದ್ದರೆ ನಡುವಿನ ಅಂತರ ಸೆಕೆಂಡಿಗೆ 72 ಮೀಟರ್ ಕರಗುತ್ತದೆ. ಕಾಲು ಕಿಲೋಮೀಟರ್ ದೂರದಲ್ಲಿ ಕಂಡವನು ಮೂರೂವರೆ ಸೆಕೆಂಡಿಗೆ ಮೂತಿಯ ಮುಂದೆ. ಹುಲ್ಲಿನ ಹೊರೆಯ ಟಿವಿಎಸ್ಸಿಗೆ ಸರಿದುಕೊಳ್ಳುವ ಹಾಗೆ ಇಲ್ಲಿ ಸರಿದುಕೊಳ್ಳಲು ಸಮಯವೇ ಇಲ್ಲ. ಹೀಗೆ ಬರುವವನನ್ನು ಜನ ಗೈಸ್ಟರ್‌ಫಾರರ್ ಅನ್ನುತ್ತಾರೆ, ದೆವ್ವದ ಡ್ರೈವರ್. ಆಸ್ಟ್ರಿಯಾದಲ್ಲಿ ಆಟೋಬಾನ್‌ನಿಂದ ಇಳಿಯುವ ದಾರಿಗಳ ಬಾಯಲ್ಲೇ ಅಂಗೈ ಚಿತ್ರ ಇರುವ ದೊಡ್ಡ ಹಳದಿ ಬೋರ್ಡು ನೆಟ್ಟಿದ್ದಾರೆ. ಇಳಿಯುವ ದಾರಿಯನ್ನೇ ಹತ್ತುವ ದಾರಿ ಅಂದುಕೊಂಡು ಬಂದವನು ಅಲ್ಲೇ ನಿಲ್ಲಲಿ ಅಂತ.

ಇಷ್ಟಾದ ಮೇಲೂ ನನಗೆ ನಗು ಬರಲಿಲ್ಲ. ಮೊದಲು ಮಾಮೂಲು ಅನಿಸಿದ್ದು ಈಗ ಭಯಾನಕ ಅನಿಸಿತು, ಅಷ್ಟೇ. ಜೋಕು ಇವೆರಡರ ಮಧ್ಯೆ ಎಲ್ಲೋ ಇರಬೇಕು ಅಂದುಕೊಂಡು, ನಗು ಬಂತು ಅಂತ ಸುಳ್ಳು ಬರೆಯದೆ, ಇದ್ದದ್ದು ಇದ್ದ ಹಾಗೆ ಬರೆದೆ. ನಮ್ಮ ಸೋದರಮಾವನ ಬಗ್ಗೆ ಬರೆದೆ. ಅವನು ದಿನಾ ಬೆಳಗ್ಗೆ ಹುಲ್ಲು ತರಲು ಹೆದ್ದಾರಿಯಲ್ಲಿ ಉಲ್ಟಾ ಹೋಗುತ್ತಾನೆ. ಎದುರು ಬರುವ ಲಾರಿಗಳನ್ನು ಅವನೂ ಬೈಯುತ್ತಾನೆ. "ಕಣ್ಣು ಕಾಣಲ್ವಾ ಇವರಿಗೆ" ಅಂತ. ನಿಮ್ಮ ಅಜ್ಜ, ನಮ್ಮ ಮಾವ ಭೇಟಿಯಾದರೆ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ, ಆದರೆ ಯಾವ ಕಡೆಯಿಂದ ಬಂದು ಭೇಟಿಯಾಗುತ್ತಾರೋ ಗೊತ್ತಿಲ್ಲ. ಇಷ್ಟಕ್ಕೆ 80 ಪದ ಮುಗಿದು ಮೇಲೆ ನಾಲ್ಕಾರು ಆಗಿತ್ತು.

ಹಾಳೆ ವಾಪಸ್ ಬಂದಾಗ ಹುಲ್ಲಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಇತ್ತು: "ಇದು ನಿಜವೇ?"

ನಿಜ ಅಂತ ತೋರಿಸಲು ಮಾವನ ಮಗನಿಗೆ ಮೆಸೇಜ್ ಹಾಕಿ ಒಂದು ಫೋಟೋ ತರಿಸಿಕೊಂಡೆ. ಹಸಿ ಜೋಳದ ಸೊಪ್ಪೆಯ ದೊಡ್ಡ ಹೊರೆ, ಅದರ ನಡುವೆ ಮಾವನ ಮುಖ, ತಲೆಗೆ ಟವೆಲ್. ಹಿಂದೆ ಲಾರಿಯೊಂದರ ಬೆನ್ನು ಕಾಣುತ್ತಿತ್ತು. ಅದರ ಮೇಲೆ "ಸೌಂಡ್ ಹಾರ್ನ್" ಅಂತ ಬರೆದಿತ್ತು. ಲಾರಿ ಅತ್ತ ಹೋಗುತ್ತಿದೆ, ಮಾವ ಇತ್ತ ಬರುತ್ತಿದ್ದಾನೆ. ಫೋನು ಕೈಯಿಂದ ಕೈಗೆ ಹೋಯಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಜ್ಜನ ಕಥೆಗೆ ನಗದವರೂ ನಕ್ಕರು. ಉಕ್ರೇನಿನ ಹೆಂಗಸು ಕೂಡ.

ನನಗೆ ಮಾತ್ರ ಅಷ್ಟು ಸಲೀಸಾಗಿ ನಗಲು ಆಗಲಿಲ್ಲ. ಅಜ್ಜನಿಗೆ ಹೆಸರಿಲ್ಲ, ಊರಿಲ್ಲ. ಮಾವ ನನಗೆ ಸೈಕಲ್ ಕಲಿಸಿದವನು. ಹಾಗಂತ ಅವನು ಮಾಡುವುದು ಸರಿ ಅಂತ ವಾದಿಸಲೂ ಬಾಯಿ ಬರಲಿಲ್ಲ. ಅವನು ಯಾಕೆ ಹಾಗೆ ಬರುತ್ತಾನೆ, ರಸ್ತೆ ಹೊಲವನ್ನು ಹೇಗೆ ಎರಡು ಮಾಡಿತು, ತಿರುಗುವ ಜಾಗ ಎಷ್ಟು ದೂರ, ಎಲ್ಲ ತಡವರಿಸುತ್ತಾ ಹೇಳಿದೆ. "ಪೊಲೀಸರು?" ಅಂತ ಟರ್ಕಿಯ ಹಿರಿಯರು ಕೇಳಿದರು. ಕಾನೂನು ಇದೆ ಅಂದೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ, ವಾಹನಗಳು ಹೋಗುವ ದಿಕ್ಕಿಗೆ ಎದುರಾಗಿ ಓಡಿಸುವುದನ್ನೂ ಅಪಾಯಕಾರಿ ಚಾಲನೆ ಅಂತ ಹೆಸರಿಸಿದ್ದಾರೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡುವುದೇ ಇಲ್ಲ, ಅವಕ್ಕೆ ಪಕ್ಕದ ಸರ್ವಿಸ್ ರಸ್ತೆ. ನಮ್ಮ ಊರಿನ ಕಡೆಗೆ ಆ ನಿಯಮ ಬಂದರೆ ಮಾವನ ಹುಲ್ಲು ಹೊಲದಲ್ಲೇ ಉಳಿಯುತ್ತದೆ. "ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ" ಅಂತ ನಮ್ಮ ಪೇಪರುಗಳಲ್ಲಿ ದಿನಾ ಬರುತ್ತದಲ್ಲ, ಅದರಲ್ಲಿ ಅತಿವೇಗ ಅಂತೂ ಮಾವನಿಗೆ ಸಾಧ್ಯವೇ ಇಲ್ಲ. ಅಷ್ಟು ಹೊರೆ ಹೊತ್ತ ಎಕ್ಸೆಲ್ ಎಲ್ಲಿ ಓಡುತ್ತದೆ?

ಇನ್ನು ಬಾಯಲ್ಲಿ ಕಥೆ ಹೇಳುವ ಭಾಗ. ಬರೆಯುವುದಕ್ಕಿಂತ ಇದು ಕಷ್ಟ. ಜೋಕನ್ನು ಹೇಳುವಾಗ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಗೊತ್ತಿರಬೇಕು. ಟ್ರಾಮಿನಲ್ಲಿ ಕಿಟಕಿ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಾ ಅಭ್ಯಾಸ ಮಾಡುತ್ತಿದ್ದೆ. ಪಕ್ಕದವರು ಬೇರೆ ಸೀಟಿಗೆ ಹೋದದ್ದೂ ಉಂಟು.

ಒಂದು ವಿಷಯದಲ್ಲಿ ಕನ್ನಡದವರಿಗೆ ಜರ್ಮನ್ ಸುಲಭ. "ಅವನು ಬರುತ್ತಿದ್ದಾನೆ ಅಂತ ಹೇಳಿದಳು" ಅನ್ನುವಂಥ ಮಾತುಗಳಲ್ಲಿ ಅವರೂ ಒಳಗಿನ ವಾಕ್ಯದ ಕ್ರಿಯಾಪದವನ್ನು ಕೊನೆಗೆ ಇಡುತ್ತಾರೆ. ಬ್ರೆಜಿಲ್ ಹುಡುಗಿಗೆ ಅದೊಂದು ಚಿತ್ರಹಿಂಸೆ. ನಮಗೆ ಹುಟ್ಟಿದಾಗಿನಿಂದ ಅದೇ ಅಭ್ಯಾಸ. ರೇಡಿಯೋ ಎಚ್ಚರಿಕೆಯ ವಾಕ್ಯ ಇನ್ನೂ ಮಜವಾಗಿದೆ. ಅದರ ಕ್ರಿಯಾಪದ ಎರಡು ತುಂಡು. "ಬರುತ್ತಿದ್ದಾನೆ" ಅನ್ನುವುದು ಮೊದಲೇ ಬಂದುಬಿಡುತ್ತದೆ. ಆಮೇಲೆ ನಿಮಗೆ, ಆಮೇಲೆ ಒಬ್ಬ ಡ್ರೈವರ್. "ಎದುರಿಗೆ" ಅನ್ನುವ ತುಂಡು ಕಟ್ಟಕಡೆಗೆ. ಅದು ಬೀಳುವವರೆಗೆ ಕೇಳುವವನು ಉಸಿರು ಹಿಡಿದಿರಬೇಕು. ಟೀಚರ್ ಆ ಕೊನೆ ತುಂಡಿನ ಮುಂಚೆ ಒಂದು ಕ್ಷಣ ನಿಲ್ಲಲು ಹೇಳಿಕೊಟ್ಟರು. ಅಜ್ಜನ ಉತ್ತರದಲ್ಲಿ ಕ್ರಿಯಾಪದವೇ ಇಲ್ಲ, ಎರಡೇ ಪದ. "ಐನರ್? ಹುಂಡರ್ಟೆ!" ಅಂದರೆ ಒಬ್ಬನಾ? ನೂರಾರು! ಅದನ್ನು ಜೋರಾಗಿ ಹೇಳಬೇಡಿ, ರೇಗಿದವರ ಹಾಗೆ ಹೇಳಿ ಅಂದರು. ಅಜ್ಜನಿಗೆ ತಾನು ಸರಿ ಅನ್ನುವುದರಲ್ಲಿ ಒಂದಿಷ್ಟೂ ಅನುಮಾನ ಇರಬಾರದು. ಆಗ ನನಗೆ ಮಾವನ ದನಿ ನೆನಪಾಯಿತು. "ಕಣ್ಣು ಕಾಣಲ್ವಾ ಇವರಿಗೆ." ಅದೇ ದನಿಯಲ್ಲಿ ಹೇಳಿದೆ. ಕ್ಲಾಸು ನಕ್ಕಿತು. ನಾನು ನಗಿಸಿದೆ, ನಾನು ನಗಲಿಲ್ಲ.

ಕೆಲವು ತಿಂಗಳ ಮೇಲೆ ಆಫೀಸಿನ ಜರ್ಮನ್ ಗೆಳೆಯನ ಜೊತೆ ಉಲ್ಮ್ ಅನ್ನುವ ಊರಿಗೆ ಹೋಗಿದ್ದೆ. ವಾಪಸ್ ಬರುವಾಗ ಎ8 ಆಟೋಬಾನ್ ಹಿಡಿದೆವು. ಸಂಜೆ, ಸಣ್ಣ ಮಳೆ. ಗಾಡಿ ಅವನದು, ಓಡಿಸುವವನೂ ಅವನೇ. ನಾನು ಪೆನ್‌ಡ್ರೈವ್ ಹಾಕಿ ಅವನಿಗೆ ಪಿ.ಬಿ. ಶ್ರೀನಿವಾಸ್ ಕೇಳಿಸುತ್ತಿದ್ದೆ. ಹಾಡಿನ ನಡುವೆ ಪೆನ್‌ಡ್ರೈವ್ ತಾನಾಗಿ ನಿಂತಿತು. ಇಲ್ಲಿನ ಕಾರುಗಳಲ್ಲಿ ಟ್ರಾಫಿಕ್ ಸುದ್ದಿಯ ಗುಂಡಿ ಒತ್ತಿಟ್ಟಿದ್ದರೆ ನೀವು ಏನೇ ಕೇಳುತ್ತಿರಿ, ರೇಡಿಯೋ ಅದನ್ನು ತಡೆದು ಒಳಗೆ ಬರುತ್ತದೆ. ಹೆಂಗಸಿನ ದನಿ. ಅವಸರ ಇಲ್ಲ, ಆದರೆ ಗಟ್ಟಿ. ಎ8, ಉಲ್ಮ್‌ನಿಂದ ಸ್ಟುಟ್‌ಗಾರ್ಟ್ ಕಡೆಗೆ, ಮೆರ್ಕ್‌ಲಿಂಗನ್ ಮತ್ತು ಮ್ಯೂಲ್‌ಹೌಸನ್ ನಡುವೆ ಬರುತ್ತಿದ್ದಾನೆ ನಿಮಗೆ ಒಬ್ಬ ತಪ್ಪು ಡ್ರೈವರ್…

ಎದುರಿಗೆ.

ನಾವು ಮೆರ್ಕ್‌ಲಿಂಗನ್ ಹತ್ತಿರವೇ ಇದ್ದೆವು. ಬಲಗಡೆ ಸಾಲಿನಲ್ಲೇ ಹೋಗಿ, ಓವರ್‌ಟೇಕ್ ಮಾಡಬೇಡಿ, ಅಪಾಯ ಕಳೆದ ಮೇಲೆ ತಿಳಿಸುತ್ತೇವೆ ಅಂತ ಹೇಳಿ ದನಿ ನಿಂತಿತು. ಹಾಡು ಮತ್ತೆ ಶುರುವಾಯಿತು. ಗೆಳೆಯ ಕೈ ಚಾಚಿ ಅದನ್ನು ಆರಿಸಿದ. ಒಂದು ಮಾತೂ ಆಡಲಿಲ್ಲ. ವೇಗ ಇಳಿಸಿ ಬಲಗಡೆ ಸಾಲಿನಲ್ಲಿ ಒಂದು ದೊಡ್ಡ ಲಾರಿಯ ಹಿಂದೆ ಸೇರಿಕೊಂಡ, ಅಂತರ ಬಿಟ್ಟೇ. ನೋಡುತ್ತಿದ್ದ ಹಾಗೆ ಎಡಗಡೆ ಸಾಲು ಖಾಲಿಯಾಯಿತು. ಎಷ್ಟು ಕಾರುಗಳಲ್ಲಿ ಅದೇ ಹೆಂಗಸಿನ ದನಿ ಕೇಳಿಸಿತ್ತೋ, ಅಷ್ಟೂ ಕಾರುಗಳು ಬಲಕ್ಕೆ ಬಂದು ಒಂದೇ ಸಾಲಾದವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಪಕ್ಕದಲ್ಲಿ ಒದ್ದೆ ಡಾಂಬರು ಬೋಳಾಗಿ ಬಿದ್ದಿತ್ತು. ನನಗೆ ಅದನ್ನು ನೋಡಲೂ ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

ಮುಂದೆ ಘಟ್ಟ ಇಳಿಯಬೇಕು. ಅಲ್ಲಿ ಆ ರಸ್ತೆಯಲ್ಲಿ ಒಂದು ವಿಚಿತ್ರ ಇದೆ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ, ನಡುವೆ ಬೆಟ್ಟ. ಎದುರಿನಿಂದ ಬರುವ ಗಾಡಿಗಳ ಲೈಟು ಅಲ್ಲಿ ಕಾಣುವುದೇ ಇಲ್ಲ. ಕಂಡರೆ ಅದು ನಮ್ಮ ರಸ್ತೆಯಲ್ಲೇ ಬರುತ್ತಿರುವುದು ಅಂತಲೇ ಲೆಕ್ಕ. ಪ್ರತಿ ತಿರುವಿನಲ್ಲೂ ಬೆಳಕು ಕಾಣುತ್ತದಾ ಅಂತ ಕಣ್ಣು ಕೀಲಿಸಿ ಕೂತಿದ್ದೆ. ಲಾರಿಯ ಹಿಂದಿನ ಕೆಂಪು ದೀಪ ಬಿಟ್ಟರೆ ಬೇರೇನೂ ಇರಲಿಲ್ಲ. ಊರಲ್ಲಿ ಮಾವನ ಗಾಡಿಯ ಹಿಂದೆ ನಾನೂ ಎಷ್ಟೋ ಸಲ ಕೂತಿದ್ದೇನೆ. ಆಗ ಲಾರಿಗಳು ಮೂತಿಯ ಮುಂದೆ ಬಂದರೂ ಎದೆ ಹೊಡೆದುಕೊಂಡಿರಲಿಲ್ಲ. ಇಲ್ಲಿ ಬರೀ ಖಾಲಿ ರಸ್ತೆಗೇ ಅಂಗೈ ಬೆವರಿತು.

ಘಟ್ಟ ಇಳಿದ ಮೇಲೆ ರೇಡಿಯೋ ಮತ್ತೆ ಒಳಗೆ ಬಂತು. ಅಪಾಯ ಕಳೆದಿದೆ ಅಂದಿತು. ಹೇಗೆ ಕಳೆಯಿತು, ಅವನು ಯಾರು, ಏನೂ ಹೇಳಲಿಲ್ಲ. ಗೆಳೆಯ ಉಸಿರು ಬಿಟ್ಟು ಗ್ರುಯಿಬಿಂಗನ್ ಅನ್ನುವ ಕಡೆ ಹೆದ್ದಾರಿ ಹೋಟೆಲಿಗೆ ಗಾಡಿ ತಿರುಗಿಸಿದ. ಇಬ್ಬರೂ ಕಾಫಿ ತೆಗೆದುಕೊಂಡು ನಿಂತೆವು. ಪಕ್ಕದ ಮೇಜಿನಲ್ಲಿ ಇಬ್ಬರು ಹೆಂಗಸರು ಅದೇ ವಿಷಯ ಮಾತಾಡುತ್ತಿದ್ದರು. ಗೆಳೆಯ ಸಕ್ಕರೆ ಕಲಸುತ್ತಾ ಶುರು ಮಾಡಿದ.

"ಒಬ್ಬ ಮುದುಕ ಆಟೋಬಾನ್ ಮೇಲೆ ಹೋಗ್ತಿದ್ದನಂತೆ. ಹೆಂಡತಿ ಫೋನ್ ಮಾಡಿ…"

"ಹುಂಡರ್ಟೆ!" ಅಂದೆ ನಾನು.

ಮಾವನ ದನಿಯಲ್ಲೇ ಬಂತು. ತಡೆಯಲು ಆಗಲಿಲ್ಲ. ಅವನು ಚಮಚ ಹಿಡಿದುಕೊಂಡೇ ನನ್ನನ್ನು ನೋಡಿದ. ಪಕ್ಕದ ಮೇಜಿನ ಹೆಂಗಸು ಕಿಸಕ್ಕನೆ ನಕ್ಕಳು. ಆಮೇಲೆ ಅವನೂ, ಆಮೇಲೆ ನಾನೂ. ಹೊಟ್ಟೆ ಹಿಡಿದು ನಕ್ಕೆ. ಕಾಫಿ ಚೆಲ್ಲಿತು. ಅಷ್ಟರಲ್ಲಿ ಕೈ ಇನ್ನೂ ನಡುಗುತ್ತಲೇ ಇತ್ತು. ಬಹುಶಃ ಈ ಜೋಕು ಹುಟ್ಟಿದ್ದೇ ಇಂಥ ಹೋಟೆಲುಗಳಲ್ಲಿ, ಹೀಗೆ ಕೈ ನಡುಗುವವರ ಬಾಯಲ್ಲಿ. ಕೊನೆ ಮಾತು ಕಿತ್ತುಕೊಂಡಿದ್ದಕ್ಕೆ ಗೆಳೆಯನಿಗೆ ಸ್ವಲ್ಪ ಬೇಜಾರಾಗಿರಬೇಕು. ಕಾಫಿ ದುಡ್ಡು ನಾನೇ ಕೊಟ್ಟೆ.

ಬಿ1 ಪರೀಕ್ಷೆ ಆಮೇಲೆ ಆಯಿತು, ಪಾಸಾದೆ. ಅದರ ಬಗ್ಗೆ ಹೇಳಲು ಅಂಥದ್ದೇನಿಲ್ಲ. ಮಾತಾಡುವ ಭಾಗದಲ್ಲಿ ಊಟತಿಂಡಿಯ ಬಗ್ಗೆ ಕೇಳಿದರು.

ಜೋಕನ್ನು ಕನ್ನಡಕ್ಕೆ ತರಬೇಕು ಅಂತ ಆಸೆ ಹುಟ್ಟಿತು. ಅಜ್ಜನನ್ನು ತೆಗೆದು ಗುಂಡನನ್ನು ಕೂರಿಸಿದೆ. ಆದರೆ ಹೆಂಡತಿಗೆ ಸುದ್ದಿ ಹೇಗೆ ಗೊತ್ತಾಗಬೇಕು? ನಮ್ಮ ರೇಡಿಯೋ ಇಂಥದ್ದಕ್ಕೆಲ್ಲ ಹಾಡು ನಿಲ್ಲಿಸುವುದಿಲ್ಲ. ಟಿವಿಯ ಬ್ರೇಕಿಂಗ್ ನ್ಯೂಸ್ ಮಾಡಿದೆ. ಟಿವಿಯವರು ಗುಂಡ ಇನ್ನೂ ಹೆದ್ದಾರಿಯಲ್ಲಿ ಇರುವಾಗಲೇ ಅವನ ಮನೆ ಮುಂದೆ ಮೈಕು ಹಿಡಿದು ನಿಂತಿರುತ್ತಾರಲ್ಲ, ಅದನ್ನೂ ಸೇರಿಸಿದೆ. ರಸ್ತೆ ಬೆಂಗಳೂರು–ಮೈಸೂರಿನದು. ನಮ್ಮ ಊರಿನ ರಸ್ತೆ ಆದರೆ ಸುದ್ದಿಯೇ ಅಲ್ಲ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಮಾವನಿಗೇ ಹೇಳಿದೆ. ಸ್ಪೀಕರಿನಲ್ಲಿ ಅತ್ತೆಯೂ ಇದ್ದಳು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದೆ. "ಗುಂಡ ಹೇಳ್ತಾನೆ, ಒಬ್ಬನಾ? ನೂರಾರು ಜನ ಬರ್ತಿದ್ದಾರೆ ಕಣೇ!"

ಅತ್ತೆ ಪಕ್ಕನೆ ನಕ್ಕಳು. "ನಿಮ್ಮ ಮಾವನ್ನ ಕಂಡು ಮಾಡಿದ್ದೇನೋ ಇದು?" ಅಂದಳು.

ಮಾವ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ದನ ಅಂಬಾ ಅನ್ನುವುದು ಕೇಳಿಸಿತು.

"ಅದೆಲ್ಲ ಇರ್ಲಿ ಕಣಪ್ಪ," ಅಂದ, "ಅವನಿಗೆ ಯೂ-ಟರ್ನ್ ಎಷ್ಟು ದೂರ ಇತ್ತಂತೆ?"